ಉಸಿರಿನ ಎಣಿಕೆ: ಉಸಿರಾಟದ ತೊಂದರೆಯುಳ್ಳವರ ಪರೀಕ್ಷೆ ಮತ್ತು ಶುಶ್ರೂಷೆ

(ತಾಳಿಕೋಟೆ ಭಾಗದ ಗ್ರಾಮೀಣ ದಂಪತಿಗಳನ್ನು ಉದ್ದೇಶಿಸಿ ಶುಶ್ರೂಷಕಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆಗಳ ನಡುವಿನ ಅಂತರ, ಶಸ್ತ್ರಚಿಕಿತ್ಸೆ ಇವಿಷ್ಟೇ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಚಿಕ್ಕ ಕುಟುಂಬದ ಮಾತಿಗೆ ಒಂದು ತಳಹದಿ ಇದೆ. ಹುಟ್ಟಿದ ಮಗು ಉಳಿದು ಬೆಳೆಯುವುದೆಂಬ ಭರವಸೆಯೇ ಆ ತಳಹದಿ. ಆ ಭರವಸೆಯನ್ನು ಅಲುಗಿಸುವ ಕಾಯಿಲೆಗಳಲ್ಲಿ ಉಸಿರಾಟದ ಕಾಯಿಲೆ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019 ರಲ್ಲಿ ಪ್ರಪಂಚದಲ್ಲಿ ಐದು ವರ್ಷದೊಳಗಿನ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ನ್ಯುಮೋನಿಯಾದಿಂದ ತೀರಿಕೊಂಡರು. ಇವರಲ್ಲಿ ಬಹುಮಂದಿಯನ್ನು ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಉಳಿಸಬಹುದಾಗಿತ್ತು. ಔಷಧ ಇತ್ತು, ಕಾಯಿಲೆಯನ್ನು ಸಕಾಲದಲ್ಲಿ ಗುರುತಿಸುವ ಕಣ್ಣು ಮನೆಯಲ್ಲಿ ಇರಲಿಲ್ಲ. ಆ ಕಣ್ಣನ್ನು ತೆರೆಯುವುದೇ ಇಂದಿನ ಮಾತಿನ ಉದ್ದೇಶ.

ನಮ್ಮ ಸೀಮೆಯಲ್ಲಿ ಉಸಿರಿಗೆ ಬರುವ ಕಷ್ಟಗಳು

ಡೋಣಿ ದಂಡೆಯ ಎರೆಭೂಮಿ ನಮಗೆ ಜೋಳ, ಕಡಲೆ, ತೊಗರಿಗಳನ್ನು ಕೊಟ್ಟಿದೆ. ಹಿಂಗಾರಿ ಪೈರು ಬೆಳೆಯುವ ಕಾಲವೇ ಚಳಿಯ ಕಾಲ. ಎಳ್ಳಮಾವಾಸ್ಯೆಯ ಆಸುಪಾಸಿನಲ್ಲಿ ಎಳೆಯ ಮಕ್ಕಳಿಗೆ ನೆಗಡಿ, ಕೆಮ್ಮು ಹೆಚ್ಚುತ್ತವೆ. ಅದರ ಹಿಂದೆಯೇ ರಾಶಿಯ ಕಾಲ ಬರುತ್ತದೆ. ಜೋಳದ ಸುಂಕು, ತೊಗರಿಯ ಹೊಟ್ಟು, ಯಂತ್ರದಿಂದ ಏಳುವ ಧೂಳು ದೊಡ್ಡವರ ಎದೆಯನ್ನು ಸೇರುತ್ತವೆ. ಕಲ್ಲು ಕಡಿಯುವ ಕೆಲಸದವರಿಗೆ ವರ್ಷವಿಡೀ ಕಲ್ಲಿನ ಪುಡಿಯ ಕಾಟ. ಮನೆಯೊಳಗೆ ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಗಳ ಹೊಗೆ. ಈ ಹೊಗೆಯನ್ನು ಹೆಚ್ಚಾಗಿ ಕುಡಿಯುವವರು ರೊಟ್ಟಿ ಬಡಿಯುವ ತಾಯಿ ಮತ್ತು ಅವಳ ಮಡಿಲಲ್ಲಿರುವ ಕೂಸು. ಇವೆಲ್ಲವುಗಳೊಡನೆ ಬೀಡಿಯೂ ಸೇರಿದರೆ ಹೇಳುವುದೇ ಬೇಡ.

ಕೆಮ್ಮು ನೆಗಡಿಗಳೆಲ್ಲವೂ ನ್ಯುಮೋನಿಯಾ ಅಲ್ಲವೆಂಬುದನ್ನು ಮೊದಲು ತಿಳಿಯಬೇಕು. ಬಹುತೇಕ ಕೆಮ್ಮು ತಾನಾಗಿಯೇ ವಾಸಿಯಾಗುತ್ತದೆ. ಪುಪ್ಪುಸಕ್ಕೆ ಸೋಂಕು ತಗುಲಿ, ಗಾಳಿ ತುಂಬಬೇಕಾದ ಸಣ್ಣ ಚೀಲಗಳಲ್ಲಿ ಕೀವು ಮತ್ತು ನೀರು ತುಂಬಿಕೊಂಡಾಗ ಅದು ನ್ಯುಮೋನಿಯಾ ಎನಿಸುತ್ತದೆ. ಒಂದು ಉಸಿರಿನಲ್ಲಿ ಸಿಗಬೇಕಾದ ಪ್ರಾಣವಾಯು ಸಿಗದಿರುವುದರಿಂದ ಮಗು ಬೇಗ ಬೇಗ ಉಸಿರೆಳೆಯತೊಡಗುತ್ತದೆ. ಆದ್ದರಿಂದಲೇ ಉಸಿರಿನ ವೇಗವು ಎದೆಯೊಳಗಿನ ಸ್ಥಿತಿಯನ್ನು ಹೊರಗೆ ತೋರಿಸುವ ಗುರುತಾಗಿದೆ.

ಎಣಿಸುವ ಕ್ರಮ

ಆರೋಗ್ಯ ಕಾರ್ಯಕರ್ತೆಯರು ಬಳಸುವ ಈ ಕ್ರಮವನ್ನು ಅಕ್ಷರ ಬಲ್ಲ ಯಾವ ದಂಪತಿಗಳಾದರೂ ಕಲಿಯಬಹುದು. ಇದಕ್ಕೆ ಸೆಕೆಂಡಿನ ಮುಳ್ಳುಳ್ಳ ಗಡಿಯಾರ ಅಥವಾ ಮೊಬೈಲ್ ಫೋನು ಸಾಕು. ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಗಿಯನ್ನು ಎದೆಯ ಮೇಲಕ್ಕೆ ಸರಿಸಬೇಕು. ತಂದೆ ಗಡಿಯಾರ ಹಿಡಿದು ಒಂದು ನಿಮಿಷದ ಆರಂಭವನ್ನೂ ಮುಕ್ತಾಯವನ್ನೂ ಹೇಳಬೇಕು. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು ಎಂದು ಎಣಿಸಬೇಕು. ಮಗು ಅಳುತ್ತಿರುವಾಗ, ಹಾಲು ಕುಡಿಯುತ್ತಿರುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಶಾಂತವಾಗಿರುವಾಗ ಅಥವಾ ನಿದ್ರಿಸುವಾಗ ಎಣಿಸುವುದು ಒಳ್ಳೆಯದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಸರಿಯಲ್ಲ. ಎಳೆಯ ಮಕ್ಕಳ ಉಸಿರು ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಪೂರ್ಣ ಒಂದು ನಿಮಿಷ ಎಣಿಸಲೇಬೇಕು.

ವೇಗದ ಉಸಿರು ಎಂದರೆ ಎಷ್ಟು?

1. ಎರಡು ತಿಂಗಳೊಳಗಿನ ಶಿಶು: ನಿಮಿಷಕ್ಕೆ 60 ಅಥವಾ ಹೆಚ್ಚು.
2. ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು: 50 ಅಥವಾ ಹೆಚ್ಚು.
3. ಒಂದು ವರ್ಷದಿಂದ ಐದು ವರ್ಷದೊಳಗಿನ ಮಗು: 40 ಅಥವಾ ಹೆಚ್ಚು.

ಎಂಟು ತಿಂಗಳ ಕೂಸಿಗೆ ಕೆಮ್ಮು ಬಂದು, ಎಣಿಸಿದಾಗ 54 ಉಸಿರುಗಳಾದವು ಎಂದಿಟ್ಟುಕೊಳ್ಳೋಣ. ಇದು ವೇಗದ ಉಸಿರು. ಅದೇ ದಿನವೇ ಕೂಸನ್ನು ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. ಇಪ್ಪತ್ತು ದಿನದ ಶಿಶುವಿನಲ್ಲಿ ಅದೇ 54 ಸಹಜವಾದ ಸಂಖ್ಯೆಯಾಗಿದೆ. ಎರಡು ವರ್ಷದ ಮಗುವಿನಲ್ಲಿಯಾದರೋ 42 ಕೂಡ ಎಚ್ಚರಿಕೆಯ ಸಂಖ್ಯೆಯೇ. ಆದುದರಿಂದ ವಯಸ್ಸನ್ನು ಮರೆತು ಎಣಿಸಿದರೆ ಪ್ರಯೋಜನವಿಲ್ಲ. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60 ದಾಟಿದರೆ ಇನ್ನೊಮ್ಮೆ ಎಣಿಸಿರಿ. ಆಗಲೂ ದಾಟಿದ್ದರೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಇಷ್ಟು ಎಳೆಯ ಶಿಶುವಿಗೆ ಮನೆಯ ಚಿಕಿತ್ಸೆ ಸಲ್ಲದು.

ತಡಮಾಡಬಾರದ ಚಿಹ್ನೆಗಳು

ಎಣಿಕೆಯ ಜೊತೆಗೆ ಶುಶ್ರೂಷಕಿಯು ಇನ್ನೂ ಕೆಲವನ್ನು ಕಣ್ಣಿನಿಂದ ನೋಡುತ್ತಾಳೆ, ಕಿವಿಯಿಂದ ಕೇಳುತ್ತಾಳೆ. ಮಗು ಉಸಿರೆಳೆದಾಗ ಎದೆಯ ಕೆಳಭಾಗ ಉಬ್ಬಬೇಕು; ಅದಕ್ಕೆ ಬದಲಾಗಿ ಪಕ್ಕೆ ಒಳಗೆ ಸೆಳೆದರೆ ಅದು ಅಪಾಯದ ಗುರುತು. ಶಾಂತವಾಗಿರುವ ಮಗು ಉಸಿರೆಳೆದಾಗ ಗಂಟಲಲ್ಲಿ ಕರ್ಕಶ ಶಬ್ದ ಬರುವುದು, ಪ್ರತಿ ಉಸಿರಿಗೂ ನರಳುವುದು, ಮೂಗಿನ ಹೊಳ್ಳೆಗಳು ಅರಳುವುದು, ಎದೆಹಾಲು ಅಥವಾ ನೀರು ಕುಡಿಯಲಾರದಿರುವುದು, ಕುಡಿದದ್ದನ್ನೆಲ್ಲ ಕಾರುವುದು, ಸೆಳೆತ ಬರುವುದು, ಎಬ್ಬಿಸಿದರೂ ಏಳದಷ್ಟು ಮಂಪರು, ತುಟಿ ನಾಲಗೆಗಳು ನೀಲಿಯಾಗುವುದು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಬೇಕು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ನೀಲಿಯನ್ನು ಚರ್ಮದಲ್ಲಿ ಹುಡುಕದೆ ನಾಲಗೆಯಲ್ಲಿಯೂ ತುಟಿಯ ಒಳಭಾಗದಲ್ಲಿಯೂ ನೋಡಬೇಕು. ಎಳೆಯ ಶಿಶುವಿನ ಮೈ ಬಿಸಿಯಾಗುವುದು ಮಾತ್ರವಲ್ಲ, ತಣ್ಣಗಾಗುವುದೂ ಅಪಾಯವೇ ಆಗಿದೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪುಟ್ಟ ಉಪಕರಣವು 2020–21 ರ ಕೋವಿಡ್ ಕಾಲದಲ್ಲಿ ಹಳ್ಳಿಗಳಿಗೂ ಪರಿಚಯವಾಯಿತು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 95 ಅಥವಾ ಹೆಚ್ಚು ತೋರಿಸುತ್ತದೆ. 90 ಕ್ಕಿಂತ ಕೆಳಗಿಳಿದರೆ ಆಮ್ಲಜನಕ ಕೊಡುವ ಅಗತ್ಯ ಬೀಳುತ್ತದೆ. ಆದರೆ ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣ ಅಥವಾ ದಟ್ಟ ಮದರಂಗಿ ಇದ್ದರೆ ಲೆಕ್ಕ ತಪ್ಪಬಹುದು. ಉಪಕರಣ ಚೆನ್ನಾಗಿದೆಯೆಂದು ತೋರಿಸಿದರೂ ಮಗುವಿನ ಪಕ್ಕೆ ಸೆಳೆಯುತ್ತಿದ್ದರೆ, ಪಕ್ಕೆಯನ್ನೇ ನಂಬತಕ್ಕದ್ದು.

ಮಗುವಿನ ಶುಶ್ರೂಷೆ

ಎರಡು ತಿಂಗಳು ದಾಟಿದ ಮಗುವಿಗೆ ವೇಗದ ಉಸಿರು ಮಾತ್ರ ಇದ್ದು ಅಪಾಯದ ಚಿಹ್ನೆಗಳಿಲ್ಲದಿದ್ದರೆ, ಆರೋಗ್ಯ ಕಾರ್ಯಕರ್ತರು ಅಮಾಕ್ಸಿಸಿಲಿನ್ ಎಂಬ ಔಷಧವನ್ನು ತೂಕ ಹಾಗೂ ವಯಸ್ಸಿಗೆ ತಕ್ಕಂತೆ ಕೊಡುತ್ತಾರೆ. ಎರಡು ದಿನದಲ್ಲಿ ಮಗು ಚೇತರಿಸಿಕೊಂಡಂತೆ ಕಂಡರೂ ಹೇಳಿದಷ್ಟು ದಿನ ಔಷಧ ಪೂರೈಸಬೇಕು. ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆಂದು ಕಟ್ಟಿಡುವುದು ಸರಿಯಲ್ಲ. ಎರಡು ದಿನಗಳ ಬಳಿಕ ಮಗುವನ್ನು ಮತ್ತೆ ತೋರಿಸಬೇಕು. ಅದಕ್ಕೂ ಮೊದಲು ಹೆಚ್ಚಾದರೆ ಆ ಕ್ಷಣವೇ ತೋರಿಸಬೇಕು.

ಮನೆಯಲ್ಲಿ ತಾಯಿ ಮಾಡಬೇಕಾದ ಕೆಲಸಗಳು ಸರಳವಾದವು. ಎದೆಹಾಲನ್ನು ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕುಡಿಸಬೇಕು. ಮೂಗು ಕಟ್ಟಿದ್ದರೆ ಹಾಲೂಡಿಸುವ ಮೊದಲು ಮೆತ್ತನೆಯ ಶುಭ್ರ ಬಟ್ಟೆಯ ಬತ್ತಿಯಿಂದ ಒರೆಸಬೇಕು. ಮಗುವನ್ನು ಬೆಚ್ಚಗಿಡಬೇಕು, ಆದರೆ ಎದೆ ಏರಿಳಿಯಲಾಗದಂತೆ ಬಿಗಿಯಾಗಿ ಸುತ್ತಬಾರದು. ಆರು ತಿಂಗಳು ದಾಟಿದ ಮಗುವಿಗೆ ಮೆತ್ತನೆಯ ಆಹಾರವನ್ನು ಕೊಂಚ ಕೊಂಚವಾಗಿ ಕೊಡುತ್ತಿರಬೇಕು. ಒಂದು ವರ್ಷ ದಾಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸಬಹುದು. ಅದಕ್ಕಿಂತ ಚಿಕ್ಕವರಿಗೆ ಜೇನು ಕೊಡಲಾಗದು. ಅಂಗಡಿಯಿಂದ ಕೆಮ್ಮಿನ ಔಷಧಿ ತಂದು ಕುಡಿಸುವುದನ್ನು ಬಿಡಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂಥ ಔಷಧಿ ಕೊಡಬಾರದೆಂದು ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯು 2025 ರ ಅಕ್ಟೋಬರಿನಲ್ಲಿ ಸೂಚಿಸಿದೆ.

ಬಿಡಬೇಕಾದ ಪದ್ಧತಿಗಳು

ಹಿರಿಯರು ಪ್ರೀತಿಯಿಂದಲೇ ಮಾಡುವ ಕೆಲವು ಕೆಲಸಗಳು ಮಗುವಿಗೆ ಕೇಡು ತರುತ್ತವೆ. ಪಕ್ಕೆ ಸೆಳೆಯುವ ಕೂಸಿನ ಹೊಟ್ಟೆಗೆ ಬರೆ ಹಾಕಿದರೆ ಎದೆಯೊಳಗಿನ ಸೋಂಕು ಹೋಗುವುದಿಲ್ಲ. ಅದರ ಮೇಲೆ ಸುಟ್ಟ ಗಾಯವೂ ಸೇರಿ ಅಮೂಲ್ಯವಾದ ಒಂದು ದಿನ ಕಳೆದುಹೋಗುತ್ತದೆ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಪುಪ್ಪುಸಕ್ಕೆ ಇಳಿದು ಅಲ್ಲಿಯೇ ಕಾಯಿಲೆ ಹುಟ್ಟಿಸಬಲ್ಲದು. ಬಾಣಂತಿಯ ಕೋಣೆಯ ಕಿಟಕಿ ಮುಚ್ಚಿ ಶೇಗಡಿ ಇಟ್ಟು, ಲೋಬಾನದ ಹೊಗೆ ಹಾಕುವುದೂ ಹೀಗೆಯೇ. ಬೆಚ್ಚಗಿಡಲು ಹೊಗೆ ಬೇಡ. ತಾಯಿಯ ಎದೆಗೆ ಮಗುವಿನ ಮೈ ತಾಗುವಂತೆ ಮಲಗಿಸಿ ಕೌದಿ ಹೊದಿಸಿದರೆ ಅದಕ್ಕಿಂತ ಉತ್ತಮವಾದ ಶಾಖ ದೊರೆಯುತ್ತದೆ. ಅತ್ತೆಯವರಿಗೆ, ಅಜ್ಜಿಯವರಿಗೆ ಇದನ್ನು ತಿಳಿಸುವಾಗ ಅವರ ಮಾತನ್ನು ಕಡೆಗಣಿಸಿದಂತಾಗಬಾರದು. ಉಸಿರು ಎಣಿಸುವಾಗ ಅವರನ್ನೂ ಹತ್ತಿರ ಕೂಡಿಸಿಕೊಳ್ಳಿರಿ. ಏರಿಳಿಯುವ ಹೊಟ್ಟೆಯನ್ನು ಕಣ್ಣಾರೆ ಕಂಡ ಹಿರಿಯರು ತಾವೇ ಹೊರಡಿರೆಂದು ಹೇಳುತ್ತಾರೆ.

ಇನ್ನೊಂದು ಮಾತು. ಶೇಂಗಾ, ಕಡಲೆ ಕಾಳುಗಳು ಮನೆತುಂಬ ಇರುವ ನಾಡು ನಮ್ಮದು. ಚಿಕ್ಕ ಮಕ್ಕಳ ಕೈಗೆ ಇಡೀ ಕಾಳುಗಳನ್ನು ಕೊಡಬೇಡಿರಿ. ಕಾಳು ಉಸಿರುನಾಳಕ್ಕೆ ಸಿಕ್ಕಿ ಮಗು ಕೆಮ್ಮಲೂ ಅಳಲೂ ಆಗದೆ ಒದ್ದಾಡಿದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿನ ನಡುವೆ ಅಂಗೈಯಿಂದ ಐದು ಪೆಟ್ಟು ಕೊಡಬೇಕು. ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಕಾಣದ ಕಾಳಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಒಮ್ಮೆ ಉಸಿರುಗಟ್ಟಿ ಸರಿಯಾದ ಮಗುವಿಗೂ ಬಳಿಕ ಕೆಮ್ಮು ಉಳಿದರೆ, ಕಾಳಿನ ಚೂರು ಒಳಗೇ ಇರಬಹುದೆಂದು ತಿಳಿದು ವೈದ್ಯರಿಗೆ ತೋರಿಸಬೇಕು.

ದೊಡ್ಡವರ ದಮ್ಮು

ದೊಡ್ಡವರು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12 ರಿಂದ 20 ಸಲ ಉಸಿರಾಡುತ್ತಾರೆ. ನಾವು ಎಣಿಸುತ್ತಿರುವುದು ತಿಳಿದರೆ ಉಸಿರಿನ ಗತಿ ಬದಲಾಗುವುದರಿಂದ, ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದು ಎದೆಯನ್ನು ನೋಡುತ್ತ ಎಣಿಸುವುದು ಶುಶ್ರೂಷಕಿಯರ ರೂಢಿ. ರೋಗಿಯು ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಬಲ್ಲರೇ, ಎರಡು ಮಾತಿಗೊಮ್ಮೆ ನಿಲ್ಲುವರೇ, ಕತ್ತಿನ ನರಗಳು ಬಿಗಿಯುತ್ತವೆಯೇ, ಮಲಗಿದರೆ ದಮ್ಮು ಹೆಚ್ಚುವುದೇ, ಕಾಲು ಬಾತಿವೆಯೇ, ಕಫದಲ್ಲಿ ರಕ್ತ ಇದೆಯೇ ಎಂಬುದನ್ನು ನೋಡಬೇಕು. ಮಲಗಿದಾಗ ಹೆಚ್ಚುವ ದಮ್ಮು ಮತ್ತು ಕಾಲಿನ ಬಾವು ಹೃದಯದ ಕಾಯಿಲೆಯನ್ನು ಸೂಚಿಸಬಹುದು. ಮಾತು ತೊದಲಿ ಮಂಕು ಕವಿದರೆ, ಎದೆನೋವು ಇದ್ದರೆ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಹೊಲಕ್ಕೆ ಎಣ್ಣೆ ಹೊಡೆದು ಬಂದವರಿಗೆ ಬಾಯಲ್ಲಿ ಜೊಲ್ಲು ಸುರಿದು ಉಸಿರು ಕಟ್ಟಿದರೆ ಅದು ವಿಷದ ಲಕ್ಷಣ. ಬಟ್ಟೆ ಬದಲಿಸಿ, ಮೈ ತೊಳೆದು, ಔಷಧದ ಡಬ್ಬಿಯೊಡನೆ ಹೊರಡಬೇಕು.

ದಮ್ಮು ಹತ್ತಿದವರನ್ನು ಅಂಗಾತ ಮಲಗಿಸಕೂಡದು. ಹೊರಸಿನ ಮೇಲೆ ಕೂಡಿಸಿ, ಮುಂದೆ ಎರಡು ಮೂರು ದಿಂಬು ಅಥವಾ ಮಡಿಸಿದ ಕೌದಿಗಳನ್ನಿಟ್ಟು, ಅದರ ಮೇಲೆ ಕೈಯೂರಿ ಮುಂದಕ್ಕೆ ಬಾಗುವಂತೆ ಮಾಡಿರಿ. ಹೀಗೆ ಕುಳಿತಾಗ ವಪೆಯು ಸಡಿಲವಾಗಿ ಇಳಿದು ಎದೆಗೆ ಹೆಚ್ಚು ಗಾಳಿ ಬರುತ್ತದೆ. ಸುತ್ತ ನೆರೆದವರನ್ನು ಸರಿಸಿ, ಕಿಟಕಿ ತೆರೆಯಿರಿ. ಮೂಗಿನಿಂದ ನಿಧಾನವಾಗಿ ಉಸಿರೆಳೆದು, ತುಟಿ ಕೂಡಿಸಿ ಅದರ ಎರಡರಷ್ಟು ಹೊತ್ತು ಉಸಿರು ಬಿಡುವಂತೆ ಹೇಳಿರಿ. ಎದುರಿಗೆ ದೀಪವಿದ್ದರೆ ಅದರ ಕುಡಿ ಬಾಗಬೇಕು, ಆರಬಾರದು. ಅಷ್ಟು ಮೃದುವಾಗಿ ಬಿಡಬೇಕು. ಗಾಬರಿಯು ದಮ್ಮನ್ನು ಹೆಚ್ಚಿಸುತ್ತದೆ. ಆದ್ದರಿಂದ ಒಬ್ಬರು ಪಕ್ಕದಲ್ಲಿ ಕುಳಿತು ಸಮಾಧಾನದ ಧ್ವನಿಯಲ್ಲಿ ಮಾತನಾಡುವುದೂ ಶುಶ್ರೂಷೆಯೇ ಆಗಿದೆ.

ಪಂಪು ಹಿಡಿದರೆ ಚಟವಾಗುತ್ತದೆ, ಮಾತ್ರೆಯೇ ಒಳ್ಳೆಯದು ಎಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿರಿ. ಸಾಲ್ಬುಟಮಾಲ್ ಪಂಪನ್ನು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ ಔಷಧ. ಅದೇ ಔಷಧದ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ನಲವತ್ತು ಪಟ್ಟು ಇರುತ್ತದೆ. ಮಾತ್ರೆಯು ಹೊಟ್ಟೆ, ರಕ್ತಗಳನ್ನು ಹಾದು ಮೈಯೆಲ್ಲ ಸುತ್ತಿ ಬರಬೇಕು. ಪಂಪಿನ ಔಷಧವು ನೇರವಾಗಿ ಎದೆಗೆ ಹೋಗುತ್ತದೆ. ಪಂಪನ್ನು ಅಲುಗಾಡಿಸಿ, ಉಸಿರು ಹೊರಬಿಟ್ಟು, ತುಟಿಯಿಂದ ಬಿಗಿಹಿಡಿದು, ಒತ್ತಿದಂತೆಯೇ ನಿಧಾನವಾಗಿ ಎಳೆದು, ಹತ್ತು ಎಣಿಸುವಷ್ಟು ಉಸಿರು ಹಿಡಿಯಬೇಕು. ಪ್ರತಿದಿನ ಬಳಸಲು ಕೊಟ್ಟ ಸ್ಟೀರಾಯ್ಡ್ ಪಂಪಾದರೆ ಬಳಿಕ ಬಾಯಿ ಮುಕ್ಕಳಿಸಬೇಕು. ದಮ್ಮು ಇಲ್ಲದ ದಿನವೂ ಅದನ್ನು ಬಿಡಬಾರದು. ಬಹುಕಾಲದ ಬೀಡಿಯಿಂದ, ಹೊಗೆಯಿಂದ ಎದೆ ಕೆಟ್ಟವರಿಗೆ ಆಮ್ಲಜನಕವನ್ನು ವೈದ್ಯರು ಹೇಳಿದ ಅಳತೆಯಲ್ಲಿಯೇ ಕೊಡಬೇಕು, ಹೆಚ್ಚಾದರೂ ಕೇಡಿದೆ.

ಎರಡು ವಾರ ಮೀರಿದ ಕೆಮ್ಮು ಇದ್ದವರು ಕಫ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಕ್ಷಯವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ. ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು 2018 ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿದ್ದು, 2024 ರ ನವೆಂಬರಿನಿಂದ ಅದನ್ನು 1000 ರೂಪಾಯಿಗೆ ಏರಿಸಲಾಗಿದೆ.

ಗರ್ಭಿಣಿಯ ಏದುಸಿರು

ತುಂಬು ಗರ್ಭದಲ್ಲಿ ಸ್ವಲ್ಪ ಏದುಸಿರು ಸಹಜ. ಆದರೆ ಕೊಡ ನೀರು ಹೊತ್ತು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಮೇಲಕ್ಕೆ ಬಂದರೆ ರಕ್ತಹೀನತೆ ಇದೆಯೇ ಎಂದು ನೋಡಬೇಕು. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ; 7 ಕ್ಕಿಂತ ಕಡಿಮೆಯಾದರೆ ಅಪಾಯದ ಸ್ಥಿತಿ. ಕಬ್ಬಿಣಾಂಶದ 180 ಮಾತ್ರೆಗಳು ಇದಕ್ಕಾಗಿಯೇ ಇವೆ. ಕುಳಿತಲ್ಲಿಯೇ ದಮ್ಮು, ಎದೆ ಬಡಿತ, ಮುಖ ಕಾಲುಗಳ ಬಾವು ಕಂಡರೆ ಹೆರಿಗೆಯ ದಿನದವರೆಗೆ ಕಾಯದೆ ವೈದ್ಯರ ಬಳಿಗೆ ಕರೆದೊಯ್ಯುವುದು ಪತಿಯ ಕರ್ತವ್ಯ. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಮೂರು ವರ್ಷದ ಅಂತರವಿದ್ದರೆ ತಾಯಿಯ ರಕ್ತ ತುಂಬಿಕೊಳ್ಳುತ್ತದೆ, ಮೊದಲ ಕೂಸಿಗೆ ಎದೆಹಾಲು ಸಾಕಷ್ಟು ದೊರೆಯುತ್ತದೆ, ಎರಡು ಎಳೆಯ ಮಕ್ಕಳು ಒಂದೇ ಹೊಗೆಯ ಮನೆಯಲ್ಲಿ ಒಂದೇ ಚಳಿಗಾಲದಲ್ಲಿ ಕೆಮ್ಮುವುದು ತಪ್ಪುತ್ತದೆ.

ಬಾರದಂತೆ ತಡೆಯುವುದು

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿರಿ. ಲಸಿಕೆಗಳನ್ನು ತಪ್ಪಿಸಬೇಡಿರಿ. ಆರು, ಹತ್ತು, ಹದಿನಾಲ್ಕನೆಯ ವಾರಗಳ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನಿಂದ ಮತ್ತು ಒಂದು ಬಗೆಯ ನ್ಯುಮೋನಿಯಾದಿಂದ ರಕ್ಷಣೆ ಇದೆ. ನ್ಯುಮೋಕಾಕಲ್ ಲಸಿಕೆಯು 2017 ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021 ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಇದನ್ನು ಆರನೆಯ ವಾರ, ಹದಿನಾಲ್ಕನೆಯ ವಾರ ಮತ್ತು ಒಂಬತ್ತನೆಯ ತಿಂಗಳಿನಲ್ಲಿ ಕೊಡಲಾಗುತ್ತದೆ. ದಡಾರದ ನಂತರ ನ್ಯುಮೋನಿಯಾ ಬರುವುದು ಹೆಚ್ಚಾದ್ದರಿಂದ ದಡಾರ ರುಬೆಲ್ಲಾ ಲಸಿಕೆಯ ಎರಡೂ ಸರದಿಗಳು ಬೇಕು. ನ್ಯುಮೋನಿಯಾ ತಡೆಯಲೆಂದು 2019 ರಲ್ಲಿ ಆರಂಭವಾದ ಸಾನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮವೂ ಇದನ್ನೇ ಸಾರುತ್ತದೆ.

ಹೊಗೆಯ ವಿಷಯದಲ್ಲಿ ನಮ್ಮ ನಾಡು ಮೊದಲೇ ಯೋಚಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆಯನ್ನು ಕೊಳವೆಯಿಂದ ಹೊರಕ್ಕೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. 2016 ರ ಉಜ್ವಲಾ ಯೋಜನೆಯಿಂದ ಅನಿಲದ ಒಲೆ ಹಲವು ಮನೆಗಳಿಗೆ ಬಂದಿದೆ. ಆದರೂ ನೀರು ಕಾಯಿಸಲು, ರೊಟ್ಟಿ ಬಡಿಯಲು ಕಟ್ಟಿಗೆಯ ಒಲೆಯೇ ಉರಿಯುತ್ತಿರುವ ಮನೆಗಳಿವೆ. ಸಿಲಿಂಡರಿನ ಬೆಲೆ ಭಾರವೆಂಬುದು ನಿಜ. ಅಂಥ ಮನೆಯವರು ಕಟ್ಟಿಗೆಯ ಒಲೆಯನ್ನು ಹಿತ್ತಿಲಿನ ಗಾಳಿಯಾಡುವ ಚಪ್ಪರಕ್ಕೆ ಸಾಗಿಸಲಿ. ಉರಿಯುವ ಒಲೆಯ ಬಳಿ ಕೂಸನ್ನು ಮಲಗಿಸದಿರಲಿ. ರಾಶಿ ಮಾಡುವಾಗ ಗಾಳಿಗೆ ಬೆನ್ನು ಕೊಟ್ಟು ನಿಂತು, ಮೂಗು ಬಾಯಿಗಳಿಗೆ ವಸ್ತ್ರ ಕಟ್ಟಿಕೊಳ್ಳಬೇಕು. ಬೀಡಿ ಸೇದುವ ಅಣ್ಣಂದಿರು ಬಿಡಲು ನಿರ್ಧರಿಸಲಿ. ಅಷ್ಟು ದಿನವಾದರೂ ಮಗು ಇರುವ ಮನೆಯೊಳಗೆ ಅದನ್ನು ಹೊತ್ತಿಸದಿರಲಿ.

ಹೊರಡುವ ನಿರ್ಧಾರ

ಮಗು ಕೈತಪ್ಪುವುದು ಹಲವು ಸಲ ಮೂರು ಕಡೆಯ ವಿಳಂಬದಿಂದ: ಗುರುತಿಸುವಲ್ಲಿ, ಹೊರಡುವಲ್ಲಿ, ದಾರಿಯಲ್ಲಿ. ಮೊದಲನೆಯದಕ್ಕೆ ಎಣಿಕೆ ಇದೆ. ಎರಡನೆಯದು ಮನೆಯೊಳಗಿನ ಮಾತು. ಗಂಡ ಹೊಲದಿಂದ ಬರಲಿ, ದುಡಿಯಲು ದೂರದ ಊರಿಗೆ ಹೋದವರು ಫೋನು ಎತ್ತಲಿ ಎಂದು ಕಾಯುವ ತಾಯಂದಿರಿದ್ದಾರೆ. ಈ ಅಪ್ಪಣೆಯನ್ನು ಮಗು ಚೆನ್ನಾಗಿರುವಾಗಲೇ ಕೊಟ್ಟಿಡಬೇಕು. ‘ಪಕ್ಕೆ ಸೆಳೆದರೆ ನನ್ನನ್ನು ಕೇಳಬೇಡ, ಹೊರಡು’ ಎಂದು ಪತಿಯು ಪತ್ನಿಗೆ ಇಂದೇ ಹೇಳಲಿ. ಹಿರಿಯರ ಎದುರಿನಲ್ಲಿ ಹೇಳಲಿ. ಸ್ವಲ್ಪ ಹಣ, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯ ನಂಬರು ಒಂದೇ ಜಾಗದಲ್ಲಿರಲಿ.

ಮೂರನೆಯದು ದಾರಿ. ಮಳೆಗಾಲದಲ್ಲಿ ಡೋಣಿ ಉಕ್ಕಿ ಕೆಳಮಟ್ಟದ ಸೇತುವೆಗಳು ಮುಳುಗಿ ಹಳ್ಳಿಗಳ ದಾರಿ ಕಡಿದುಹೋಗುವುದನ್ನು ತಾವೆಲ್ಲ ಕಂಡಿದ್ದೀರಿ. ಆದುದರಿಂದ ಮೋಡ ಕವಿದ ದಿನ ಸಂಜೆಯ ಎಣಿಕೆ ಹೆಚ್ಚಿದ್ದರೆ ಬೆಳಗಾಗಲೆಂದು ಕಾಯಬಾರದು. ಹೊಳೆ ಬರುವ ಮೊದಲೇ ದಾಟಬೇಕು. 2008 ರ ನವೆಂಬರ್ 1 ರಂದು ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆ ಉಚಿತವಾಗಿದೆ. ಕರೆ ಮಾಡಿದಾಗ ಊರು, ಮಗುವಿನ ವಯಸ್ಸು, ಉಸಿರಿನ ಸಂಖ್ಯೆ ಈ ಮೂರನ್ನು ಹೇಳಿರಿ. ಹೋಗುವಾಗ ಮಗುವನ್ನು ತಲೆ ಎತ್ತರವಾಗಿರುವಂತೆ ಎದೆಗೆ ಒರಗಿಸಿಕೊಳ್ಳಿರಿ. ಕುಡಿಯುವಂತಿದ್ದರೆ ದಾರಿಯಲ್ಲಿಯೂ ಎದೆಹಾಲು ಕೊಡಿರಿ.

ಆರೋಗ್ಯ ಕೇಂದ್ರಗಳು, ಶುಶ್ರೂಷಕಿಯರು, ಔಷಧಗಳು ತಮಗಾಗಿಯೇ ಇವೆ. ಆದರೆ ನಡುರಾತ್ರಿಯಲ್ಲಿ ಮಗುವಿನ ಪಕ್ಕದಲ್ಲಿ ಇರುವವರು ತಾವಿಬ್ಬರೇ. ಇಂದು ರಾತ್ರಿ ಮಗು ಮಲಗಿದ ಮೇಲೆ, ಕಾಯಿಲೆ ಇಲ್ಲದಿರುವಾಗಲೇ, ಇಬ್ಬರೂ ಕೂಡಿ ಒಂದು ನಿಮಿಷ ಅದರ ಉಸಿರು ಎಣಿಸಿ ಬರೆದಿಡಿರಿ. ಸಹಜ ಸಂಖ್ಯೆಯನ್ನು ಬಲ್ಲವರಿಗೆ ಅಸಹಜವಾದದ್ದು ಬೇಗ ತಿಳಿಯುತ್ತದೆ. ತಮ್ಮ ಮನೆಯ ಮಕ್ಕಳೂ ಹಿರಿಯರೂ ನೆಮ್ಮದಿಯಾಗಿ ಉಸಿರಾಡುತ್ತ ಬಾಳಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.